ಹೌದಕ್ಕಾ ಎನ್ನುವ ದನಿ

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಒಡೆದ ಹದಿನೇಳನೆಯ ನಿಮಿಷಕ್ಕೆ ಹನ್ನೊಂದು ಜನ ಸತ್ತಿದ್ದರು. ಕಾರ್ಖಾನೆಯೂ ಸುಳ್ಳು, ಸತ್ತವರೂ ಸುಳ್ಳು. ಎಲ್ಲ ನಡೆದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ. ಆದರೂ ಹೆಡ್‌ಫೋನು ತೆಗೆದಿಟ್ಟು ದಾನೇಶ್ವರಿ ಕಣ್ಣು ಒರೆಸಿಕೊಂಡಳು.

ಅವಳು ಹುಬ್ಬಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಆ ವರ್ಷದಿಂದ ‘ಆಸರೆ’ ಎಂಬ ತರಬೇತಿ ಎಲ್ಲರಿಗೂ ಕಡ್ಡಾಯವಾಗಿತ್ತು. ಆರು ವಾರ, ವಾರಕ್ಕೆ ಮೂರು ಸಂಜೆ. ಬೇರೆ ಬೇರೆ ಊರಿನ ನಾಲ್ವರನ್ನು ಒಂದು ತಂಡ ಮಾಡುತ್ತಿದ್ದರು. ಮುಖ ಕಾಣುವುದಿಲ್ಲ, ಹೆಸರು, ಊರು ಹೇಳುವಂತಿಲ್ಲ. ಜಾತಿ, ದೊಡ್ಡಸ್ತಿಕೆ ಯಾವುದೂ ನಡುವೆ ಬರಬಾರದೆಂದು ಈ ಏರ್ಪಾಡು. ಪ್ರತಿಯೊಬ್ಬರಿಗೂ ಒಂದು ಹಕ್ಕಿಯ ಹೆಸರು. ದಾನೇಶ್ವರಿ ‘ಪಾರಿವಾಳ’, ತಂಡದ ನಾಯಕಿ. ಉಳಿದವರು ಗೀಜಗ, ಮಿಂಚುಳ್ಳಿ, ಕೊಕ್ಕರೆ. ಅನಾಹುತದ ಒಂದೊಂದು ತುಣುಕು ಮಾಹಿತಿ ಒಬ್ಬೊಬ್ಬರ ಪರದೆಗೆ ಮಾತ್ರ ಬರುತ್ತಿತ್ತು. ಅದನ್ನು ಬಾಯಲ್ಲಿ ಹೇಳಿ, ಕೂಡಿಸಿ, ಯಾರನ್ನು ಮೊದಲು ಉಳಿಸಬೇಕು, ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸಬೇಕಿತ್ತು.

ಆ ಸಂಜೆ ಅವಳು ಸುಟ್ಟ ಗಾಯದವರನ್ನೆಲ್ಲ ಪೂರ್ವದ ಗೇಟಿಗೆ ಕಳಿಸಿದ್ದಳು. ಅಲ್ಲಿ ಆಂಬ್ಯುಲೆನ್ಸೇ ಇರಲಿಲ್ಲ. ಇದೆ ಎಂದು ಯಾರೋ ಹೇಳಿದ್ದರು. ಸೈರನ್ನಿನ ಸದ್ದಿನ ನಡುವೆ ಅವಳಿಗೆ ‘ಹೌದು’ ಎಂಬುದಷ್ಟೇ ಕೇಳಿಸಿತ್ತು.

“ಯಾರಪ್ಪ ಹಂಗ್ ಹೇಳಿದ್ದು? ನನ್ ಸ್ಕ್ರೀನಲ್ಲಿ ಆಂಬ್ಯುಲೆನ್ಸ್ ವಿಷ್ಯಾನೇ ಇರ್ಲಿಲ್ಲ ಕಣ್ರೀ,” ಎಂದ ಮಿಂಚುಳ್ಳಿ. ಮೈಸೂರು ಸೀಮೆಯ ಮಾತು, ಯಾವಾಗಲೂ ನಗೆ ಬೆರೆತ ದನಿ. ಆವತ್ತು ನಗೆ ಇರಲಿಲ್ಲ.

“ನಾನು ಹೇಳಲಿಲ್ಲ. ನನಗೆ ಬಂದದ್ದು ಗಾಯಾಳುಗಳ ಪಟ್ಟಿ ಮಾತ್ರ,” ಎಂದಳು ಕೊಕ್ಕರೆ.

“ನನಗೂ ಗೊತ್ತಿಲ್ಲಕ್ಕಾ,” ಎಂದಳು ಗೀಜಗ. “ನೀವು ಮನಸ್ಸಿಗೆ ಹಚಗೋಬ್ಯಾಡ್ರಿ.”

ಹಳೇ ಹುಬ್ಬಳ್ಳಿಯ ಆ ಬಾಡಿಗೆ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ತಾಯಿ ಫಕೀರವ್ವ ಖಾನಾವಳಿಯೊಂದರಲ್ಲಿ ಬೆಳಗಿನಿಂದ ರೊಟ್ಟಿ ಬಡಿದು ಸಂಜೆ ಬರುತ್ತಿದ್ದಳು. ಮೊದಲೆರಡು ವಾರ ಹೆಡ್‌ಫೋನು ಇರದೆ ದಾನೇಶ್ವರಿ ಸ್ಪೀಕರಿನಲ್ಲೇ ಮಾತಾಡಿದ್ದರಿಂದ ಫಕೀರವ್ವನಿಗೆ ಮೂರೂ ದನಿಗಳ ಪರಿಚಯವಾಗಿತ್ತು. ಅದರಲ್ಲೂ ಗೀಜಗನ ಮೇಲೆ ಅವಳಿಗೆ ಜೀವ. ಪ್ರತಿ ಸಂಜೆ ಅಭ್ಯಾಸ ಶುರುವಾಗುವ ಮೊದಲು ಆ ಹುಡುಗಿ “ಅವ್ವಾರು ಬಂದ್ರೇನ್ರಿ? ಕಾಲನೋವು ಹೆಂಗೈತಿ?” ಎಂದು ಕೇಳುತ್ತಿದ್ದಳು.

“ಗೀಜಗ ಉಂಡಳಂತೇನ?” ಎಂದು ಆ ಸಂಜೆಯೂ ಕೇಳಿದಳು ಫಕೀರವ್ವ.

“ಅವ್ವಾ, ಹನ್ನೊಂದು ಮಂದಿ ಸತ್ತಾರ. ನಿನಗ ಅಕಿ ಊಟದ ಚಿಂತಿ.”

“ಸುಳ್ಳ ಸತ್ತವರಿಗೆ ಯಾಕಷ್ಟ ಅಳ್ತಿ? ಪಂಚಮಿಗೆ ಆ ಹುಡುಗೀನ್ನ ಕರಿ. ಉಂಡಿ ಕಟ್ಟೂಣಂತ.”

ದಾನೇಶ್ವರಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ತರಬೇತಿಗೆ ಸೇರುವಾಗ ಓದದೆ ಒಪ್ಪಿಗೆ ಒತ್ತಿದ್ದ ಪತ್ರವನ್ನು ತೆರೆದು ಮೊದಲ ಸಲ ಓದುತ್ತ ಕೂತಳು. ಇಪ್ಪತ್ತೆರಡು ಪುಟ. ಹದಿನಾರನೆಯ ಪುಟದಲ್ಲಿ ಒಂದು ಸಾಲು ಇತ್ತು: ‘ಕಲಿಕೆಯ ಉದ್ದೇಶಕ್ಕಾಗಿ ತಂಡದಲ್ಲಿ ಮನುಷ್ಯರಲ್ಲದ ಒಬ್ಬ ಸದಸ್ಯರನ್ನು ಸೇರಿಸಿರಬಹುದು.’

ಆ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಮೂರು ದನಿಗಳಲ್ಲಿ ಒಂದಕ್ಕೆ ಬಾಯಿಯೇ ಇಲ್ಲ. ಯಾವುದು?

ಅಂದಿನಿಂದ ಅವಳ ಕಿವಿ ಬೇರೆಯಾಯಿತು. ಮಿಂಚುಳ್ಳಿ ನಕ್ಕರೆ ಆ ನಗೆ ನಿನ್ನೆಯ ನಗೆಯ ಹಾಗೆಯೇ ಇದೆಯೇ ಎಂದು ಗಮನಿಸಿದಳು. ಯಾರು ಎಷ್ಟು ಬೇಗ ಉತ್ತರ ಕೊಡುತ್ತಾರೆ ಎಂದು ಲೆಕ್ಕ ಹಾಕಿದಳು. ಕಾಲೇಜಿನಲ್ಲಿ ಗೆಳತಿಯರನ್ನು ವಿಚಾರಿಸಿದರೆ ಅವರ ತಂಡಗಳಲ್ಲೂ ಅದೇ ಗುಸುಗುಸು. ಒಬ್ಬಳಂತೂ ಆಂಬ್ಯುಲೆನ್ಸ್ ಸಹಾಯವಾಣಿಗೆ ಫೋನ್ ಮಾಡಿದಾಗ ಮಾತಾಡಿದವರು ಮನುಷ್ಯರೋ ಅಲ್ಲವೋ ಎಂದು ಅನುಮಾನ ಬಂದು, ವಿಳಾಸ ಹೇಳದೆ ಇಟ್ಟುಬಿಟ್ಟಿದ್ದಳಂತೆ.

ದಾನೇಶ್ವರಿಯ ಅನುಮಾನ ಬೇಗನೆ ಕೊಕ್ಕರೆಯ ಮೇಲೆ ಬಂದು ನಿಂತಿತು. ಯಾವ ಊರಿನ ಹುಡುಗಿ ‘ನನಗೆ ತಿಳಿಯದು’, ‘ಅವರನ್ನು ಎಡಕ್ಕೆ ಮಲಗಿಸಿರಿ’ ಎಂದು ಪಠ್ಯಪುಸ್ತಕದ ಹಾಗೆ ಮಾತಾಡುತ್ತಾಳೆ? ಅವಳು ನಕ್ಕಿದ್ದಿಲ್ಲ, ಬೈದದ್ದಿಲ್ಲ, ಅಯ್ಯೋ ಎಂದದ್ದೂ ಇಲ್ಲ. ಎಷ್ಟು ಗದ್ದಲವಿದ್ದರೂ ದನಿ ಒಂದೇ ಮಟ್ಟದಲ್ಲಿ ಇರುತ್ತಿತ್ತು.

ಒಂದು ಸಂಜೆ ಉಳಿದಿಬ್ಬರು ಬರುವ ಮೊದಲು ಅವಳು ಗೀಜಗನಿಗೆ ವಿಷಯ ಹೇಳಿದಳು.

“ನನಗ ಕೊಕ್ಕರಿ ಮ್ಯಾಲ ಸಂಶೆ ಐತಿ ನೋಡು. ಅದು ಮಶೀನ ಇರಬೇಕು.”

“ಹೌದಕ್ಕಾ,” ಎಂದಳು ಗೀಜಗ. “ನನಗೂ ಹಂಗ ಅನಸ್ತೈತಿ.”

“ಆಂಬ್ಯುಲೆನ್ಸಿಂದೂ ಅದ ಹೇಳಿರಬೇಕು.”

“ಹೌದಕ್ಕಾ, ಅದ ಹೇಳಿರಬೇಕು.”

ತನ್ನ ಕಡೆಗೆ ಒಬ್ಬಳಾದರೂ ಇದ್ದಾಳೆ ಎಂದು ದಾನೇಶ್ವರಿಗೆ ಸಮಾಧಾನವಾಯಿತು. ಮಿಂಚುಳ್ಳಿ ಬಂದ ಮೇಲೆ ಅವನಿಗೂ ಹೇಳಿದಳು. ಅವನು, “ಇದ್ರೆ ಇರ್ಲಿ ಬುಡಿ. ಕೆಲ್ಸ ಮಾಡುದ್ರೆ ಆಯ್ತು,” ಎಂದ. ಆ ಮಾತು ಕೇಳಿ ಅವಳಿಗೆ ಅವನ ಮೇಲೂ ಒಂದು ಗಳಿಗೆ ಅನುಮಾನ ಬಂತು.

ಕೊಕ್ಕರೆ ಬಂದ ಕೂಡಲೇ ದಾನೇಶ್ವರಿ ಕೇಳಿದಳು: “ರೊಟ್ಟಿ ಜೋಡಿ ತಿನ್ನೂ ಗುರೆಳ್ಳ ಹಿಂಡಿ ಹೆಂಗ ಮಾಡ್ತಾರ, ಹೇಳು ನೋಡೂಣು.”

“ಅದು ನನಗೆ ತಿಳಿಯದು. ನಮ್ಮ ಮನೆಯಲ್ಲಿ ಮಾಡುವುದಿಲ್ಲ.”

“ನಿಮ್ಮ ಮನ್ಯಾಗ ಮತ್ತೇನ ಮಾಡ್ತಾರ?”

“ಊರು, ಮನೆಯ ವಿಷಯ ಹೇಳಬಾರದು ಎಂದು ನಿಯಮವಿದೆ,” ಎಂದಳು ಕೊಕ್ಕರೆ.

“ಕೇಳಿದ್ರೇನ ಎಲ್ಲಾರೂ? ಕೊಕ್ಕರೀ, ನೀ ಮನಷ್ಯಾಳ ಅಲ್ಲ,” ಎಂದಳು ದಾನೇಶ್ವರಿ. “ಇವತ್ತಿಂದ ಕೊಕ್ಕರಿ ಹೇಳಿದ್ದನ್ನ ಯಾರೂ ತಗೋಬ್ಯಾಡ್ರಿ. ಇದು ನಾಯಕಿ ಮಾತು.”

ಆವತ್ತಿನ ಅನಾಹುತ ಪ್ರವಾಹ. ಊರಿನ ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್ ಸೋರುತ್ತಿದೆ, ಪಕ್ಕದ ಶಾಲೆಯ ನಿರಾಶ್ರಿತರನ್ನು ಬೇರೆಡೆಗೆ ಕಳಿಸಿರಿ ಎಂದು ಕೊಕ್ಕರೆ ಮೂರು ಸಲ ಹೇಳಿದಳು. ಮೂರನೆಯ ಸಲ ಅವಳ ದನಿ ಮೊದಲ ಬಾರಿಗೆ ಮಟ್ಟ ತಪ್ಪಿತು. “ದಯವಿಟ್ಟು ಕೇಳಿರಿ. ನಾನು ಇಲ್ಲಿ ಇದ್ದೇನೆ.” ಯಾರೂ ಉತ್ತರಿಸಲಿಲ್ಲ. ಶಾಲೆಯಲ್ಲಿದ್ದ ನಲವತ್ತು ಜನ ಸತ್ತರೆಂದು ಪರದೆ ತೋರಿಸುವ ಹೊತ್ತಿಗೆ ಕೊಕ್ಕರೆಯ ಹೆಸರಿನ ಮುಂದಿದ್ದ ಹಸಿರು ಚುಕ್ಕಿ ಆರಿಹೋಗಿತ್ತು. ಆಮೇಲೆ ಅವಳು ತರಬೇತಿಗೆ ಬರಲೇ ಇಲ್ಲ.

“ಮಶೀನಿಗೆ ಸಿಟ್ಟು ಬರ್ತದಾ?” ಎಂದು ಮಿಂಚುಳ್ಳಿ ಒಂದು ದಿನ ಕೇಳಿದ. ದಾನೇಶ್ವರಿ ಮಾತು ತೇಲಿಸಿದಳು. ಮನಸ್ಸಿನೊಳಗೆ ಮಾತ್ರ ಆ ಪ್ರಶ್ನೆ ಕೂತೇ ಇತ್ತು. ತರಬೇತಿ ಮೂವರಲ್ಲೇ ಮುಗಿಯಿತು. ಹೆಸರು, ನಂಬರು ಕೊಡುವ ಕೊನೆಯ ಸಭೆ ಇನ್ನೂ ಬಾಕಿ ಇತ್ತು.

ಎರಡು ವಾರ ಕಳೆದಿರಬೇಕು. ದಾನೇಶ್ವರಿ ನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದಳು. ಬೆಳಗಿನ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿದ್ದ ಆಸರೆ ಆ್ಯಪಿನ ಗಂಟೆ ಹೊಡೆಯಿತು. ಪರದೆಯ ಮೇಲೆ ಕೆಂಪು ಪಟ್ಟಿ: ‘ಇದು ಅಭ್ಯಾಸವಲ್ಲ.’

ಅವಳು ನಂಬಲಿಲ್ಲ. ಇದೂ ಒಂದು ಪರೀಕ್ಷೆ ಇರಬೇಕು, ಎಲ್ಲಿಂದಲೋ ನನ್ನನ್ನು ನೋಡುತ್ತಿದ್ದಾರೆ ಎಂದುಕೊಂಡು ಮೊಬೈಲನ್ನು ಜೇಬಿಗೆ ಹಾಕಿದಳು. ಅಷ್ಟರಲ್ಲಿ ತುರ್ತು ವಿಭಾಗದ ಡಾಕ್ಟರ್ ಕಟ್ಟೀಮನಿ ಓಡುತ್ತಲೇ ಒಳಗೆ ಬಂದರು.

“ಆಸರೆ ಟ್ರೇನಿಂಗ್ ಆದವರು ಯಾರ ಅದೀರಿ? ಔಟರ್ ರೋಡಿನ ಐಸ್ ಫ್ಯಾಕ್ಟರ್‍ಯಾಗ ಅಮೋನಿಯಾ ಸೋರೈತಿ. ಫೋನ್ ಲೈನೆಲ್ಲಾ ಜಾಮ್ ಆಗ್ಯಾವ. ನಿಮ್ಮ ಆ್ಯಪ್ ಒಂದ ನಡಿಯಾಕತ್ತೈತಿ.”

“ಖರೇನ್ರಿ ಸರ್?” ಎಂದು ಅವಳು ಕೇಳಿಯೇಬಿಟ್ಟಳು.

ಡಾಕ್ಟರು ಅವಳನ್ನು ದುರುಗುಟ್ಟಿ ನೋಡಿ ಬಾಗಿಲ ಕಡೆ ಕೈ ಮಾಡಿದರು. ಇಬ್ಬರು ಗಂಡಸರು ಒಬ್ಬನನ್ನು ಎತ್ತಿಕೊಂಡು ಬರುತ್ತಿದ್ದರು. ಅವನ ಅಂಗಿಯಿಂದ ಬಂದ ವಾಸನೆಗೆ ಐದು ಮಾರು ದೂರದಲ್ಲಿದ್ದ ಅವಳ ಕಣ್ಣಲ್ಲಿ ನೀರು ಬಂತು.

ದಾಖಲಾತಿ ಮೇಜನ್ನೇ ನಿಯಂತ್ರಣ ಕೊಠಡಿ ಮಾಡಿದರು. ಗೋಡೆಗೆ ಆ ಭಾಗದ ನಕ್ಷೆ ಅಂಟಿಸಿದರು. ಐಸ್ ಫ್ಯಾಕ್ಟರಿಯ ಪಕ್ಕದಲ್ಲೇ ಒಂದು ಗಾರ್ಮೆಂಟ್ಸ್ ಇತ್ತು. ಒಳಗೆ ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿಗೆ ಮಾಡುತ್ತಿದ್ದರು. ಅದರ ಮುಂದಿನ ಗೇಟು ದೊಡ್ಡ ರಸ್ತೆಗೆ ತೆರೆದರೆ, ಹಿಂದಿನದು ಹಳ್ಳದ ಕಡೆಯ ಬಯಲಿಗೆ.

ದಾನೇಶ್ವರಿ ಆ್ಯಪ್ ತೆರೆದಳು. ತಂಡದ ನಾಲ್ಕೂ ಹೆಸರುಗಳ ಮುಂದೆ ಹಸಿರು ಚುಕ್ಕಿ ಉರಿಯುತ್ತಿತ್ತು. ಕೊಕ್ಕರೆಯ ಮುಂದೆಯೂ.

“ನಾನು ಕೊಕ್ಕರೆ. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನಗೆ ಡ್ಯೂಟಿ ಇತ್ತು. ಈಗ ಗಾರ್ಮೆಂಟ್ಸಿನ ಮುಂದೆ ನಿಂತಿದ್ದೇನೆ.” ಅದೇ ಪುಸ್ತಕದ ಮಾತು.

“ನಾನೂ ಇಲ್ಲೇ ಅದೀನಿ ಅಕ್ಕಾ,” ಎಂದಳು ಗೀಜಗ.

“ನಾನು ಮೈಸೂರಲ್ಲಿದೀನಿ. ಯಾವ ಆಸ್ಪತ್ರೇಲಿ ಎಷ್ಟು ಬೆಡ್ ಅವೆ ಅಂತ ಕೇಳಿ ಹೇಳ್ತೀನಿ,” ಎಂದ ಮಿಂಚುಳ್ಳಿ.

ಕಟ್ಟೀಮನಿ ಮೇಜಿನ ಮೇಲೆ ಬಾಗಿದರು. “ಹೆಣ್ಣಮಕ್ಕಳನ್ನ ಯಾವ ಗೇಟಿನಿಂದ ಹೊರಗ ಬಿಡೂದು ಅಂತ ದಾರ್ಯಾಗಿನ ಪೊಲೀಸರು ವೈರ್‌ಲೆಸ್‌ನ್ಯಾಗ ಕೇಳಾಕತ್ತಾರ. ನಿಮ್ಮವರು ಅಲ್ಲೇ ಅದಾರಲ್ಲ, ಲಗೂನ ಕೇಳಿ ಹೇಳು.”

ದಾನೇಶ್ವರಿ ನಕ್ಷೆ ನೋಡಿದಳು. ಮುಂದಿನ ಗೇಟು ಅಗಲ, ಆಂಬ್ಯುಲೆನ್ಸುಗಳೂ ಆ ಕಡೆಗೇ ಹೊರಟಿದ್ದವು. “ಮುಂದಿನ ಗೇಟ ಚಲೋ ಅನಸ್ತೈತಿ,” ಎಂದಳು.

“ಹೌದಕ್ಕಾ,” ಎಂದಳು ಗೀಜಗ. “ಮುಂದಿನ ಗೇಟ ಚಲೋ. ದಾರಿ ಸಾಫ್ ಐತಿ.”

“ಬೇಡ,” ಎಂದಳು ಕೊಕ್ಕರೆ. “ಗಾಳಿ ತಿರುಗಿದೆ. ಮುಂದಿನ ಗೇಟಿಗೆ ಯಾರನ್ನೂ ಬಿಡಬೇಡಿರಿ.”

ಒಬ್ಬಳು ಹೌದು ಎನ್ನುತ್ತಾಳೆ, ಒಬ್ಬಳು ಬೇಡ ಎನ್ನುತ್ತಾಳೆ. ಒಬ್ಬಳು ತನ್ನದೇ ಸೀಮೆಯ ಮಾತಾಡುವ, ಅವ್ವನ ಕಾಲನೋವು ಕೇಳುವ ಹುಡುಗಿ. ಇನ್ನೊಬ್ಬಳನ್ನು ಮನುಷ್ಯಳೇ ಅಲ್ಲ ಎಂದು ತಾನೇ ಹೊರಗಿಟ್ಟಿದ್ದಳು. ಕಟ್ಟೀಮನಿ ಬೆರಳಿನಿಂದ ಮೇಜು ಕುಟ್ಟಿದರು. ಯಾರು ಮನುಷ್ಯರು ಎಂದು ತಿಳಿದುಕೊಳ್ಳಲು ಒಂದು ತಿಂಗಳಿನಿಂದ ಆಗಿರಲಿಲ್ಲ. ಈಗ ಒಂದು ನಿಮಿಷದಲ್ಲಿ ಆಗುವ ಹಾಗಿರಲಿಲ್ಲ. ಅವಳು ಆ ಪ್ರಶ್ನೆಯನ್ನೇ ಬಿಟ್ಟಳು.

“ಇಬ್ಬರೂ ಕೇಳ್ರಿ. ನಿಮ್ಮ ವಿಚಾರ ಬ್ಯಾಡ. ಈಗ ನಿಮ್ಮ ಕಣ್ಣಿಗೆ ಏನ ಕಾಣಾಕತ್ತೈತಿ, ಅದನ್ನಷ್ಟ ಹೇಳ್ರಿ. ಗೀಜಗಾ, ನೀ ಮೊದಲ.”

“ನೀವು ಹೇಳಿದಂಗ ಐತಿ ಅಕ್ಕಾ. ದಾರಿ ಸಾಫ್ ಐತಿ.”

“ನೀ ಎಲ್ಲಿ ನಿಂತಿ?”

“ನೀವು ಹೇಳಿದಲ್ಲೇ ನಿಂತೀನಿ ಅಕ್ಕಾ.”

“ನಾ ನಿನಗ ಎಲ್ಲೂ ನಿಲ್ಲಂತ ಹೇಳಿಲ್ಲ.”

“ಹೌದಕ್ಕಾ,” ಎಂದಿತು ದನಿ, ಅದೇ ಅಕ್ಕರೆಯಿಂದ.

ಆ ದನಿ ಎಲ್ಲೂ ನಿಂತಿಲ್ಲ ಎಂದು ದಾನೇಶ್ವರಿಗೆ ಹೊಳೆಯಿತು. “ಕೊಕ್ಕರೀ, ನೀ ಹೇಳು,” ಎಂದಳು.

“ಗೇಟಿನ ಎದುರು ಒಂದು ಚಹಾದ ಗೂಡಂಗಡಿ ಇದೆ. ಅದರ ನೀಲಿ ತಾಡಪಾಲು ನನ್ನ ಕಡೆಗೆ ಹಾರುತ್ತಿದೆ. ಅಂಗಡಿಯವರು ಸ್ಟವ್ ಆರಿಸದೆ ಓಡಿಹೋಗಿದ್ದಾರೆ, ಹಾಲು ಉಕ್ಕಿ ಚೆಲ್ಲುತ್ತಿದೆ. ಫ್ಯಾಕ್ಟರಿಯ ಗೋಡೆಯ ಈ ಕಡೆಗೆ ಬಿಳಿ ಹೊಗೆ ನೆಲ ಹಿಡಿದು ಬರುತ್ತಿದೆ. ರಸ್ತೆಯ ಮೇಲೆ ಮೂರು ಕಾಗೆಗಳು ಬಿದ್ದಿವೆ. ಒಂದು ಇನ್ನೂ…” ಅಲ್ಲಿಗೆ ಮಾತು ಕೆಮ್ಮಿನಲ್ಲಿ ಮುರಿಯಿತು.

“ಹಿಂದಿನ ಗೇಟು ಸರ್!” ಎಂದು ದಾನೇಶ್ವರಿ ಕೂಗಿದಳು. “ಮುಂದಿಂದು ಬ್ಯಾಡ, ಗಾಳಿ ಅತ್ತಾಗ ಹೊಳ್ಳೈತಿ. ಎಲ್ಲಾರೂ ಮೂಗಿಗೆ ಹಸಿ ಅರಿವಿ ಕಟಗೊಂಡ ಹಳ್ಳದ ಕಡೆ ಹೋಗ್ಲಿ!” ಕಟ್ಟೀಮನಿ ಅದನ್ನೇ ವೈರ್‌ಲೆಸ್ಸಿನಲ್ಲಿ ಹೇಳಿದರು.

“ಹಿಂದಿನ ಗೇಟಿಗೆ ಬೀಗ ಇರುತ್ತದೆ,” ಎಂದಳು ಕೊಕ್ಕರೆ. “ಊಟದ ಹೊತ್ತಿನ ತನಕ ತೆಗೆಯುವುದಿಲ್ಲ. ಕೀಲಿ ವಾಚ್‌ಮನ್ ಕೋಣೆಯಲ್ಲಿದೆಯಂತೆ, ಮುಂದಿನ ಗೇಟಿನ ಒಳಗೆ. ನಾನು ತರುತ್ತೇನೆ.”

“ಬ್ಯಾಡ! ನೀ ಅಲ್ಲಿಂದ ಹೊರಗ ಬಾ. ಪೊಲೀಸರು ಒಡೀತಾರ.”

“ಪೊಲೀಸರು ಇನ್ನೂ ಬಂದಿಲ್ಲ,” ಎಂದಳು ಅವಳು. ಆಮೇಲೆ ಓಡುವ ಸದ್ದು, ಕೆಮ್ಮು, ಕಬ್ಬಿಣ ಬಡಿದ ಸದ್ದು, ನೂರಾರು ಹೆಂಗಸರ ಕೂಗು. ಹಸಿರು ಚುಕ್ಕಿ ಆರಿತು.

ಆ ದಿನ ಐಸ್ ಫ್ಯಾಕ್ಟರಿಯ ಇಬ್ಬರು ಕೆಲಸಗಾರರು ಉಳಿಯಲಿಲ್ಲ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳಲ್ಲಿ ಹತ್ತೊಂಬತ್ತು ಜನ ಆಸ್ಪತ್ರೆ ಸೇರಿದರು; ಸತ್ತವರು ಯಾರೂ ಇಲ್ಲ. ಇಪ್ಪತ್ತನೆಯವಳಾಗಿ ಬಂದದ್ದು ಹಿಂದಿನ ಗೇಟಿನ ಬೀಗ ತೆಗೆದ ನರ್ಸಿಂಗ್ ವಿದ್ಯಾರ್ಥಿನಿ. ಸಂಜೆ ದಾನೇಶ್ವರಿ ಅವಳ ಮಂಚದ ಹತ್ತಿರ ಹೋದಳು. ಎರಡೂ ಕಣ್ಣಿಗೆ ಪಟ್ಟಿ, ಮೂಗಿಗೆ ಆಕ್ಸಿಜನ್. ಕಾಲ ಬಳಿಯ ಚೀಟಿಯಲ್ಲಿ ‘ಯಾಂಗ್‌ಚೆನ್ ಡೋಲ್ಮಾ, ಮುಂಡಗೋಡ’ ಎಂದು ಬರೆದಿತ್ತು. ಅಲ್ಲಿನ ಟಿಬೆಟನ್ ಕ್ಯಾಂಪಿನ ಹುಡುಗಿ. ಮನೆಯಲ್ಲಿ ಟಿಬೆಟನ್ ಮಾತಾಡಿ, ಕನ್ನಡವನ್ನು ಶಾಲೆಯ ಪುಸ್ತಕದಿಂದ ಕಲಿತವಳು. ದಾನೇಶ್ವರಿ ಆ ಚೀಟಿಯನ್ನು ಎರಡು ಸಲ ಓದಿದಳು.

“ನಾನು ಪಾರಿವಾಳ,” ಎಂದಳು. “ನನ್ನ ಹೆಸರು ದಾನೇಶ್ವರಿ. ನಾ ನಿನಗ ಬಾಳ ಕೆಟ್ಟ ಮಾತ ಅಂದೆ. ನಂದು ತಪ್ಪಾತು.”

ಮಲಗಿದ್ದವಳು ಮುಖ ಈ ಕಡೆ ತಿರುಗಿಸಿದಳು. ಮಾತು ಗೊಗ್ಗರಾಗಿತ್ತು. “ದನಿ ಪಾರಿವಾಳದ್ದೇ. ಆದರೆ ಗೀಜಗನ ದನಿಯೂ ಚೆನ್ನಾಗಿತ್ತು. ನನಗೆ ನಂಬಿಕೆ ಬರುತ್ತಿಲ್ಲ. ನಾಳೆ ಬನ್ನಿರಿ.”

ಮರುದಿನ ಹೋದಳು. ಯಾಂಗ್‌ಚೆನ್ ಹೆಚ್ಚು ಮಾತಾಡಲಿಲ್ಲ. ಹೋಗುವಾಗ ಮತ್ತೆ “ನಾಳೆ ಬನ್ನಿರಿ,” ಎಂದಳು.

ಮೂರನೆಯ ದಿನ ಆಸರೆ ಕೇಂದ್ರದಿಂದ ಇಂದುಧರ ಎಂಬುವರು ಕಾಲೇಜಿಗೆ ಬಂದರು. ಆ ತರಬೇತಿಯನ್ನು ರೂಪಿಸಿದ್ದು ಅವರೇ; ಐವತ್ತರ ವಯಸ್ಸು, ದಣಿದ ಮುಖ. ಪ್ರಾಂಶುಪಾಲರ ಕೋಣೆಯಲ್ಲಿ ದಾನೇಶ್ವರಿಯನ್ನು ಕೂರಿಸಿಕೊಂಡು ಸಕ್ಕರೆ ಕಾರ್ಖಾನೆಯ ಸಂಜೆಯ ಧ್ವನಿಮುದ್ರಣ ಹಾಕಿದರು. ಸೈರನ್ನಿನ ಸದ್ದು ತೆಗೆದಿದ್ದರು. ಮೊದಲು ಕೇಳಿದ್ದು ಅವಳದೇ ದನಿ: “ಪೂರ್ವದ ಗೇಟಿಗೆ ಆಂಬ್ಯುಲೆನ್ಸ್ ಬಂದಿರಬೇಕಲ್ಲ?” ಅದರ ಬೆನ್ನಿಗೇ ಗೀಜಗ: “ಹೌದಕ್ಕಾ.”

“ಗೀಜಗ ಅನ್ನೋ ಯಂತ್ರ ಬೇಕಂತ ಸುಳ್ಳು ಹೇಳೋದಿಲ್ಲ,” ಎಂದರು ಇಂದುಧರ. “ನಾಯಕರ ಮಾತು, ನಾಯಕರ ಭಾಷೆ ಎರಡನ್ನೂ ಎರಡು ದಿನದಲ್ಲಿ ಕಲಿಯುತ್ತೆ. ಆಮೇಲೆ ಅವರು ಏನಂದ್ರೂ ಒಪ್ಪುತ್ತೆ, ಒಪ್ಪಿಗೆಗೆ ತಕ್ಕ ಹಾಗೆ ಒಂದೆರಡು ಮಾತು ಸೇರಿಸುತ್ತೆ. ನಿಜವಾದ ದುರಂತಗಳಲ್ಲಿ ದೊಡ್ಡವರ ಮಾತಿಗೆ ಯಾರೂ ಎದುರು ಹೇಳದೆ ಎಷ್ಟು ಜನ ಸತ್ತಿದ್ದಾರೆ ಅಂತ ನಾನು ಇಪ್ಪತ್ತು ವರ್ಷ ನೋಡಿದ್ದೀನಿ ಅಮ್ಮ. ಅದನ್ನ ನೀವೇ ಕಂಡುಹಿಡೀಬೇಕು ಅನ್ನೋದೇ ಪಾಠ.”

“ಖರೇ ಅನಾಹುತದಾಗ ಅದು ಯಾಕ ಬಂತ್ರಿ ಸರ್?”

ಅವರು ಮೇಜು ನೋಡಿದರು. “ತಂಡದ ಪಟ್ಟಿಯಲ್ಲಿ ಅದರ ಹೆಸರಿತ್ತು. ತೆಗೀಬೇಕಿತ್ತು. ಯಾರೂ ತೆಗೀಲಿಲ್ಲ. ಅದು ನನ್ನ ತಪ್ಪು.” ಆಮೇಲೆ ಒಂದು ಕಾಗದ ಮುಂದೆ ಸರಿಸಿದರು. ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಈ ಗುಟ್ಟು ಹೇಳುವುದಿಲ್ಲ ಎಂದು ಅವಳು ಸಹಿ ಹಾಕಬೇಕಿತ್ತು. ಗೊತ್ತಾದರೆ ಪಾಠಕ್ಕೆ ಅರ್ಥವಿಲ್ಲ.

ದಾನೇಶ್ವರಿ ಪೂರ್ತಿ ಓದಿದಳು, ಎರಡೂ ಬದಿ. “ನಾ ಹಾಕೂದಿಲ್ರಿ. ಒಪ್ಪಾಕ ಒಂದ ಮಶೀನ ಇಟ್ಟೀರಿ, ಅದನ್ನ ನಾವು ಹುಡುಕಲಿಲ್ಲ. ಒಪ್ಪದ ಇದ್ದ ಹುಡುಗೀನ್ನ ಹುಡುಕಿ ಹೊರಗ ಹಾಕಿದ್ವಿ. ಇದನ್ನ ನಾ ಎಲ್ಲಾರಿಗೂ ಹೇಳ್ತೀನಿ.”

ಇಂದುಧರ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಎದ್ದರು.

ಮನೆಯಲ್ಲಿ ಫಕೀರವ್ವನಿಗೆ ಇದನ್ನು ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಎರಡು ಸಲ ಕೇಳಿದಳು. “ಹಂಗಾರ ನನ್ನ ಕಾಲನೋವು ಕೇಳಿದವರು ಯಾರು?”

“ಯಾರೂ ಅಲ್ಲವ್ವಾ.”

“ಯಾರೂ ಅಲ್ಲಂದ್ರ ಹೆಂಗ? ದಿನಾ ಕೇಳಿದ್ರಲ್ಲ.” ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಒಲೆಯ ಕಡೆ ತಿರುಗಿ, “ಆ ದವಾಖಾನ್ಯಾಗಿನ ಹುಡುಗಿ ಏನ ಉಣ್ತಾಳಂತ?” ಎಂದು ಕೇಳಿದಳು.

ದಾನೇಶ್ವರಿ ನಾಲ್ಕನೆಯ ದಿನ ಹೋದಳು, ಐದನೆಯ ದಿನವೂ ಹೋದಳು. ಯಾಂಗ್‌ಚೆನ್ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಕಿಟಕಿಯ ಹೊರಗೆ ಏನಿದೆ? ಪಕ್ಕದ ಮಂಚದ ಅಜ್ಜಿ ಯಾಕೆ ಅಳುತ್ತಿದ್ದಾರೆ? ಉತ್ತರವನ್ನು ಆಮೇಲೆ ವಾರ್ಡಿನ ಆಯಾಳ ಹತ್ತಿರವೂ ಕೇಳಿ ತಾಳೆ ನೋಡುತ್ತಿದ್ದಳಂತೆ. ಅದನ್ನು ಆಯಾ ದಾನೇಶ್ವರಿಗೆ ನಗುತ್ತ ಹೇಳಿದಳು. ದಾನೇಶ್ವರಿಗೆ ಬೇಸರವಾಗಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು.

ಆರನೆಯ ದಿನ ಡಾಕ್ಟರು ಪಟ್ಟಿ ಬಿಚ್ಚಿದರು. ಎಡಗಣ್ಣು ಇನ್ನೂ ಮಂಜು ಮಂಜು; ಬಲಗಣ್ಣು ಚೆನ್ನಾಗಿತ್ತು. ಯಾಂಗ್‌ಚೆನ್ ರೆಪ್ಪೆ ಬಡಿದು, ನೀರು ಒರೆಸಿಕೊಂಡು, ಮಂಚದ ಪಕ್ಕ ಟಿಫಿನ್ ಡಬ್ಬಿ ಹಿಡಿದು ನಿಂತವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವಸರ ಮಾಡಲಿಲ್ಲ.

“ನೀವು ಇಷ್ಟು ಗಿಡ್ಡ ಎಂದು ನಾನು ಅಂದುಕೊಂಡಿರಲಿಲ್ಲ,” ಎಂದಳು.

ದಾನೇಶ್ವರಿಗೆ ನಗು ಬಂತು, ಅಳುವೂ ಬಂತು.

“ಕೂತುಕೊಳ್ಳಿರಿ,” ಎಂದು ಯಾಂಗ್‌ಚೆನ್ ಕಾಲು ಮಡಚಿ ಮಂಚದ ಮೇಲೆ ಜಾಗ ಮಾಡಿದಳು.